ಯುದ್ಧಕಾಲದಲ್ಲಿ ವ್ಯಾಪಾರಸ್ಥನ ನಿಲುವು: ಒಂದು ಅಧ್ಯಯನ

ಯುದ್ಧ ನಡೆಯುವುದು ರಣರಂಗದಲ್ಲಿ. ಆದರೆ ಅದರ ಬಿಸಿ ತಟ್ಟದ ಪೇಟೆ ಇಲ್ಲ. ರಷ್ಯವು 2022ರ ಫೆಬ್ರುವರಿ 24ರಂದು ಯುಕ್ರೇನಿನ ಮೇಲೆ ದಾಳಿ ಆರಂಭಿಸಿದಾಗ, ಆ ದೇಶಗಳನ್ನು ಭೂಪಟದಲ್ಲಿ ಮಾತ್ರ ಕಂಡಿದ್ದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ಭಾಗದ ಕಿರಾಣಿ ವ್ಯಾಪಾರಸ್ಥರು ಅದರ ಪರಿಣಾಮವನ್ನು ಎಣ್ಣೆ ಡಬ್ಬಿಯ ಬೆಲೆಯಲ್ಲಿ ಕಂಡರು. ಭಾರತವು ಅಲ್ಲಿಯವರೆಗೆ ಹೊರಗಿನಿಂದ ತರಿಸುತ್ತಿದ್ದ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಯುಕ್ರೇನಿನದೇ ಆಗಿತ್ತು. ಕಬ್ಬಿಗೆ ಹಾಕುವ ಪೊಟ್ಯಾಷ್ ಗೊಬ್ಬರಕ್ಕೆ ನಮ್ಮ ದೇಶ ಆಮದನ್ನೇ ನೆಚ್ಚಿಕೊಂಡಿದೆ. ಅದರ ದೊಡ್ಡ ಉತ್ಪಾದಕ ದೇಶಗಳ ಪೈಕಿ ರಷ್ಯ ಮತ್ತು ಬೆಲಾರೂಸ್ ಎರಡೂ ಸೇರಿವೆ. ಅದೇ ವರ್ಷ ಮೇ 13ರಂದು ಕೇಂದ್ರ ಸರ್ಕಾರವು ಗೋಧಿ ರಫ್ತನ್ನು ನಿಷೇಧಿಸಿತು. ದೇಶದೊಳಗಿನ ಬೆಲೆಯನ್ನು ಹತೋಟಿಯಲ್ಲಿಡಲು ಜೂನ್ 1ರಿಂದ ಸಕ್ಕರೆ ರಫ್ತಿಗೂ ಕಡಿವಾಣ ಹಾಕಿತು. ಕೃಷ್ಣಾ, ದೂಧಗಂಗಾ ತೀರದ ಸಕ್ಕರೆ ಕಾರ್ಖಾನೆಗಳಿಗೂ ಅವುಗಳನ್ನು ನಂಬಿದ ಕಬ್ಬು ಬೆಳೆಗಾರರಿಗೂ ಇದು ದೂರದ ಸುದ್ದಿಯಾಗಿ ಉಳಿಯಲಿಲ್ಲ.

ಹೀಗೆ ಯುದ್ಧವು ಕರೆಯದೆ ಅಂಗಡಿಗೆ ಬಂದಾಗ ಒಂದು ಪ್ರಶ್ನೆಯೂ ಅದರ ಬೆನ್ನಿಗೆ ಬರುತ್ತದೆ. ಯುದ್ಧದ ವಿಷಯದಲ್ಲಿ ವ್ಯಾಪಾರ ಸಂಸ್ಥೆಗಳು ಬಹಿರಂಗವಾಗಿ ನಿಲುವು ತಳೆಯಬೇಕೆ? ಫಲಕ ಹಾಕಬೇಕೆ, ಹೇಳಿಕೆ ಕೊಡಬೇಕೆ, ಒಂದು ದೇಶದ ಸರಕನ್ನು ಬಹಿಷ್ಕರಿಸಬೇಕೆ? ಅಥವಾ ತಕ್ಕಡಿ ಹಿಡಿದವನಿಗೆ ರಾಜಕಾರಣ ಏಕೆ ಎಂದು ಸುಮ್ಮನಿರಬೇಕೆ? ಈ ಪ್ರಶ್ನೆಯನ್ನು ಆವೇಶವಿಲ್ಲದ ಹೊತ್ತಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಗಡಿಭಾಗದ ಅನುಭವ

ಈ ಐದು ತಾಲೂಕುಗಳ ವ್ಯಾಪಾರಸ್ಥರಿಗೆ ಬಹಿರಂಗ ನಿಲುವಿನ ಬೆಲೆ ತಿಳಿಯದ ವಿಷಯವಲ್ಲ. ಇಲ್ಲಿಯ ಪೇಟೆಗಳ ಲೇವಾದೇವಿ ಕೊಲ್ಹಾಪುರ, ಇಚಲಕರಂಜಿ, ಸಾಂಗಲಿ, ಮಿರಜಗಳೊಡನೆ ಹೆಣೆದುಕೊಂಡಿದೆ. ಒಂದೇ ಅಂಗಡಿಯಲ್ಲಿ ಕನ್ನಡ, ಮರಾಠಿ ಎರಡೂ ನಡೆಯುತ್ತವೆ. 2022ರ ಡಿಸೆಂಬರಿನಲ್ಲಿ ಗಡಿವಿವಾದ ಮತ್ತೆ ಕಾವೇರಿ ಎರಡು ರಾಜ್ಯಗಳ ನಡುವಿನ ಬಸ್ ಸಂಚಾರಕ್ಕೆ ತಡೆ ಬಿದ್ದಿತ್ತು. ಇಂಥ ಸಂದರ್ಭಗಳಲ್ಲಿ ಬಾಗಿಲು ಹಾಕಿದರೆ ಒಂದು ಕಡೆಯವರ, ತೆರೆದರೆ ಇನ್ನೊಂದು ಕಡೆಯವರ ಸಿಟ್ಟಿಗೆ ಗುರಿಯಾಗುವ ಇಕ್ಕಟ್ಟನ್ನು ಗಡಿಭಾಗದ ವ್ಯಾಪಾರಸ್ಥರು ಬಲ್ಲರು.

ಆದರೂ ವ್ಯಾಪಾರ ತನ್ನ ದಾರಿಯನ್ನು ಕಂಡುಕೊಳ್ಳುತ್ತದೆ. ಕೊಲ್ಹಾಪುರಿ ಚಪ್ಪಲಿಗೆ ದೊರೆತ ಭೌಗೋಳಿಕ ಗುರುತು ಇದಕ್ಕೆ ಉತ್ತಮ ನಿದರ್ಶನ. 2019ರಲ್ಲಿ ಪ್ರಕಟವಾದ ಈ ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ. ಅಥಣಿ, ನಿಪ್ಪಾಣಿಗಳ ಕುಶಲಕರ್ಮಿಯ ಹಕ್ಕು ಕೊಲ್ಹಾಪುರದ ಕುಶಲಕರ್ಮಿಯ ಹಕ್ಕಿನೊಡನೆ ಒಂದೇ ದಾಖಲೆಯಲ್ಲಿದೆ.

ಇನ್ನೊಂದು ಸಂಗತಿಯೂ ಗಮನಾರ್ಹ. ಮರಾಠಾ ಲಘು ಪದಾತಿ ದಳದ ರೆಜಿಮೆಂಟ್ ಕೇಂದ್ರ ಬೆಳಗಾವಿಯಲ್ಲಿದೆ. ಈ ಭಾಗದ ಅಂಗಡಿಗೆ ಬರುವ ಗಿರಾಕಿಗಳಲ್ಲಿ ಸೈನಿಕರ ತಾಯಂದಿರು, ಪತ್ನಿಯರು, ನಿವೃತ್ತ ಯೋಧರು ಇದ್ದಾರೆ. ಯುದ್ಧದ ಕುರಿತು ವ್ಯಾಪಾರಸ್ಥ ಆಡುವ ಮಾತನ್ನು ಕೇಳುವವರಲ್ಲಿ ಅದರ ನಿಜವಾದ ಬೆಲೆಯನ್ನು ತೆರಬೇಕಾದವರೂ ಇರುತ್ತಾರೆ ಎಂಬುದನ್ನು ಮರೆಯಲಾಗದು.

ಮೂರು ಬೇರೆ ಬೇರೆ ವಿಷಯಗಳು

“ನಿಲುವು” ಎಂಬ ಒಂದೇ ಮಾತಿನಲ್ಲಿ ಸಾಮಾನ್ಯವಾಗಿ ಮೂರು ವಿಷಯಗಳು ಕಲಸಿಹೋಗುತ್ತವೆ. ಕಾನೂನು ವಿಧಿಸಿದ್ದನ್ನು ಪಾಲಿಸುವುದು ಮೊದಲನೆಯದು. ತನ್ನ ವ್ಯವಹಾರದಲ್ಲಿ ತಾನು ಹೇಗೆ ನಡೆದುಕೊಳ್ಳುತ್ತಾನೆ ಎಂಬುದು ಎರಡನೆಯದು. ಸಾರ್ವಜನಿಕವಾಗಿ ಏನನ್ನು ಘೋಷಿಸುತ್ತಾನೆ ಎಂಬುದು ಮೂರನೆಯದು. ಇವುಗಳನ್ನು ಬಿಡಿಸಿ ನೋಡಿದರೆ ಅರ್ಧ ಗೊಂದಲ ತಾನಾಗಿಯೇ ಪರಿಹಾರವಾಗುತ್ತದೆ.

ಮೊದಲನೆಯದು: ಕಾನೂನು

ಯಾವ ದೇಶದೊಡನೆ ವ್ಯಾಪಾರ ಮಾಡಬಹುದು, ಯಾವ ದೇಶದೊಡನೆ ಕೂಡದು ಎಂಬುದನ್ನು ತೀರ್ಮಾನಿಸುವ ಅಧಿಕಾರ ಕೇಂದ್ರ ಸರ್ಕಾರದ್ದು. ಪಹಲ್ಗಾಮಿನಲ್ಲಿ 2025ರ ಏಪ್ರಿಲ್ 22ರಂದು ನಡೆದ ಪ್ರವಾಸಿಗರ ಹತ್ಯೆಯ ನಂತರ ಅಟ್ಟಾರಿ ಗಡಿ ಠಾಣೆಯ ಮೂಲಕ ನಡೆಯುತ್ತಿದ್ದ ವ್ಯವಹಾರ ನಿಂತಿತು. ಮೇ 2ರಂದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು ಪಾಕಿಸ್ತಾನದಲ್ಲಿ ತಯಾರಾದ ಅಥವಾ ಅಲ್ಲಿಂದ ರಫ್ತಾದ ಎಲ್ಲ ಸರಕುಗಳ ಆಮದನ್ನು, ನೇರವಾಗಿರಲಿ ಬಳಸುದಾರಿಯಿಂದಿರಲಿ, ನಿಷೇಧಿಸಿತು.

ಇದು ಹಳ್ಳಿಯ ಕಿರಾಣಿ ಅಂಗಡಿಗೂ ಸಂಬಂಧಿಸಿದ ವಿಷಯ. ಅಂಟಿನುಂಡಿಗೆ ಹಾಕುವ ಉತ್ತತ್ತಿ, ಉಪವಾಸದ ಅಡುಗೆಗೆ ಬಳಸುವ ಸೈಂಧವ ಲವಣ ಹಿಂದೆ ಗಣನೀಯ ಪ್ರಮಾಣದಲ್ಲಿ ಪಾಕಿಸ್ತಾನದಿಂದ ಬರುತ್ತಿದ್ದ ಸರಕುಗಳು. ದುಬೈ ಮಾರ್ಗವಾಗಿ, ಬೇರೆ ದೇಶದ ಮಾಲೆಂದು ತೋರಿಸಿ ತರಲಾಗಿದ್ದ ಪಾಕಿಸ್ತಾನಿ ಉತ್ತತ್ತಿಯನ್ನು ಕಂದಾಯ ಗುಪ್ತಚರ ನಿರ್ದೇಶನಾಲಯವು ಅದೇ ವರ್ಷದ ಜೂನ್ ತಿಂಗಳಲ್ಲಿ ನ್ಹಾವಾ ಶೇವಾ ಬಂದರಿನಲ್ಲಿ ವಶಪಡಿಸಿಕೊಂಡಿತು. ಅಂಗಡಿಯ ಮುಂದೆ ದೇಶಭಕ್ತಿಯ ಫಲಕ ಹಾಕಿ ಒಳಗೆ ಮೂಲ ಕೇಳದೆ ಅಗ್ಗದ ಮಾಲು ಇಳಿಸಿಕೊಂಡರೆ ಆ ಫಲಕಕ್ಕೆ ಅರ್ಥವಿಲ್ಲ. ಸರಕಿನ ಮೂಲವನ್ನು ಸಗಟು ವ್ಯಾಪಾರಿಯಿಂದ ಕೇಳಿ ತಿಳಿದು ಬಿಲ್ಲನ್ನು ಜೋಪಾನವಾಗಿಡುವುದು ನಿಲುವಲ್ಲ, ಅದು ಕರ್ತವ್ಯ. ಅದಕ್ಕೆ ಪ್ರಚಾರವೂ ಬೇಕಿಲ್ಲ.

ಎರಡನೆಯದು: ವ್ಯವಹಾರದ ನಡತೆ

ಯುದ್ಧಕಾಲದಲ್ಲಿ ವ್ಯಾಪಾರಿ ವರ್ಗವನ್ನು ಜನ ಅಳೆಯುವುದು ಭಾಷಣದಿಂದಲ್ಲ, ಬೆಲೆಯಿಂದ ಮತ್ತು ದಾಸ್ತಾನಿನಿಂದ. ಎರಡನೆಯ ಮಹಾಯುದ್ಧ ಆರಂಭವಾದದ್ದು 1939ರಲ್ಲಿ. ಉಗಾರದ ಸಕ್ಕರೆ ಕಾರ್ಖಾನೆ ಸ್ಥಾಪನೆಯಾದದ್ದೂ ಅದೇ ವರ್ಷ. 1942ರ ಹೊತ್ತಿಗೆ ಸಕ್ಕರೆಯ ಬೆಲೆ ಮತ್ತು ವಿತರಣೆ ಸರ್ಕಾರದ ನಿಯಂತ್ರಣಕ್ಕೆ ಒಳಪಟ್ಟಿತು. ಯುದ್ಧದಿಂದ ಬಂದ ವಿಪರೀತ ಲಾಭದ ಮೇಲೆ 1940ರಲ್ಲಿ ಹೆಚ್ಚುವರಿ ಲಾಭ ತೆರಿಗೆಯನ್ನು ವಿಧಿಸಲಾಯಿತು. 1943ರಲ್ಲಿ ಕಳ್ಳದಾಸ್ತಾನು ಮತ್ತು ಅತಿಲಾಭವನ್ನು ತಡೆಯಲು ಸುಗ್ರೀವಾಜ್ಞೆಯೇ ಬೇಕಾಯಿತು. ಅದೇ ವರ್ಷ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಆ ದುರಂತಕ್ಕೆ ಆಡಳಿತದ ನೀತಿ ಮೊದಲಾದ ಅನೇಕ ಕಾರಣಗಳಿದ್ದವು. ಆದರೆ ಧಾನ್ಯ ಬಚ್ಚಿಟ್ಟ ವ್ಯಾಪಾರಿಯ ಚಿತ್ರ ಜನಮನದಿಂದ ಅಳಿಯಲಿಲ್ಲ. “ಕಾಳಸಂತೆ” ಎಂಬ ಮಾತು ದಿನಬಳಕೆಯಲ್ಲಿ ಬೇರೂರಿದುದಕ್ಕೆ ಆ ಕಾಲವೇ ಸಾಕ್ಷಿ. ಪ್ರಾಮಾಣಿಕವಾಗಿ ವ್ಯಾಪಾರ ಮಾಡಿದ ಸಾವಿರಾರು ಜನರೂ ಆ ಕಳಂಕವನ್ನು ಹೊರಬೇಕಾಯಿತು.

ಇದರಿಂದ ಕಲಿಯಬೇಕಾದ ಪಾಠ ಸರಳವಾಗಿದೆ. ಯುದ್ಧದ ಸುದ್ದಿ ಬಂದ ದಿನ, ಹಳೆಯ ಬೆಲೆಗೆ ತಂದ ಎಣ್ಣೆಯನ್ನು ಹೊಸ ಬೆಲೆಗೆ ಮಾರುವುದೋ ಬೇಡವೋ ಎಂಬುದೇ ವ್ಯಾಪಾರಸ್ಥನ ಮೊದಲ ನಿಲುವು. ಇಲ್ಲಿ ವ್ಯಾಪಾರಸ್ಥನ ಕಷ್ಟವನ್ನೂ ಒಪ್ಪಿಕೊಳ್ಳಬೇಕು. ಇಂದಿನ ಡಬ್ಬಿಯನ್ನು ಹಳೆಯ ಬೆಲೆಗೆ ಮಾರಿದರೆ ನಾಳೆಯ ಡಬ್ಬಿ ತರಲು ಬಂಡವಾಳ ಸಾಲದೆ ಹೋಗಬಹುದು. ಆದ್ದರಿಂದ ನಷ್ಟಕ್ಕೆ ಮಾರಬೇಕೆಂದು ಯಾರೂ ಹೇಳಲಾರರು. ಆದರೆ ಮಾಲು ಇದ್ದೂ ಇಲ್ಲವೆನ್ನುವುದು, ಉದ್ರಿ ಗಿರಾಕಿಯನ್ನು ಹಿಂದೆ ಕಳಿಸಿ ನಗದು ಗಿರಾಕಿಗೆ ಮಾತ್ರ ಕೊಡುವುದು, ಮನೆಯ ಗಿರಾಕಿಗೆ ಒಂದು ಕಿಲೋ ಕೊಡದೆ ಸಟ್ಟಾದವನಿಗೆ ನೂರು ಡಬ್ಬಿ ಕೊಡುವುದು, ಇವು ಬಂಡವಾಳದ ಕಷ್ಟಗಳಲ್ಲ.

ದೇಶಪ್ರೇಮದ ಹೊರೆ ಯಾರ ಹೆಗಲಿಗೆ

ನಡತೆಯಿಂದ ಘೋಷಣೆಯ ಕಡೆಗೆ ಹೋಗುವ ಮೊದಲು ಇತಿಹಾಸದ ಇನ್ನೊಂದು ಪುಟವನ್ನು ನೋಡಬೇಕು. 1962ರಲ್ಲಿ ಚೀನಾ ಆಕ್ರಮಣವಾದಾಗ ರಾಷ್ಟ್ರೀಯ ರಕ್ಷಣಾ ನಿಧಿ ಸ್ಥಾಪನೆಯಾಯಿತು. ದೇಶದ ಉದ್ದಗಲಕ್ಕೂ ಹೆಂಗಸರು ಮೈಮೇಲಿನ ಆಭರಣ ಬಿಚ್ಚಿಕೊಟ್ಟರು. ವ್ಯಾಪಾರಸ್ಥರೂ ಧಾರಾಳವಾಗಿ ನೀಡಿದರು. ಅದರ ಬೆನ್ನಲ್ಲೇ, 1963ರ ಜನವರಿಯಲ್ಲಿ, ಆಗಿನ ಹಣಕಾಸು ಸಚಿವ ಮೊರಾರ್ಜಿ ದೇಸಾಯಿ ಅವರು ಸ್ವರ್ಣ ನಿಯಂತ್ರಣ ನಿಯಮಗಳನ್ನು ತಂದರು. 14 ಕ್ಯಾರೆಟ್‌ಗಿಂತ ಹೆಚ್ಚು ಶುದ್ಧತೆಯ ಆಭರಣ ತಯಾರಿಕೆಗೆ ತಡೆ ಬಿದ್ದಿತು. ಚಿನ್ನದ ಮೋಹ ಮತ್ತು ಕಳ್ಳಸಾಗಣೆ ತಗ್ಗಿಸಿ ವಿದೇಶಿ ವಿನಿಮಯ ಉಳಿಸುವುದು ಅದರ ಉದ್ದೇಶ.

ಉದ್ದೇಶ ಒಳ್ಳೆಯದಿದ್ದರೂ ಪೆಟ್ಟು ಬಿದ್ದದ್ದು ಅಗ್ಗಿಷ್ಟಿಕೆಯ ಮುಂದೆ ಕೂತು ದುಡಿಯುವ ಪತ್ತಾರನ ಮೇಲೆ. ಕೆಲಸವಿಲ್ಲದೆ ದೇಶಾದ್ಯಂತ ಅಕ್ಕಸಾಲಿಗ ಕುಟುಂಬಗಳು ಬೀದಿಗೆ ಬಂದವು, ಆತ್ಮಹತ್ಯೆಗಳೂ ನಡೆದವು. 14 ಕ್ಯಾರೆಟ್ ಮಿತಿಯನ್ನು 1966ರಲ್ಲಿ ಕೈಬಿಡಲಾಯಿತು. 1968ರ ಸ್ವರ್ಣ ನಿಯಂತ್ರಣ ಕಾಯ್ದೆ ರದ್ದಾಗಲು 1990 ಬರಬೇಕಾಯಿತು. ಆಗ ಪತ್ತಾರರ ಪರವಾಗಿ ಮಾತನಾಡಿದವರು ದೇಶದ ರಕ್ಷಣೆಗೆ ವಿರೋಧಿಗಳೇನೂ ಆಗಿರಲಿಲ್ಲ. ರಕ್ಷಣೆಯ ಹೊರೆ ಒಂದೇ ಕಸುಬಿನ ಹೆಗಲಿಗೆ ಬೀಳಬಾರದು ಎಂದು ಹೇಳುವುದೂ ಯುದ್ಧಕಾಲದಲ್ಲಿ ವ್ಯಾಪಾರ ಸಂಘಟನೆಯ ನ್ಯಾಯವಾದ ನಿಲುವೇ ಆಗಿದೆ.

ಮೂರನೆಯದು: ಬಹಿರಂಗ ಘೋಷಣೆ

ಇನ್ನು ಬಹಿರಂಗ ಘೋಷಣೆಯ ವಿಷಯ. ವ್ಯಾಪಾರಸ್ಥರು ಎಂದೂ ನಿಲುವು ತಳೆಯಲಿಲ್ಲ ಎನ್ನುವುದು ತಪ್ಪು. ಕಾನೂನು ಭಂಗ ಚಳವಳಿಯ ಕಾಲದಲ್ಲಿ ಅನೇಕ ಬಟ್ಟೆ ವ್ಯಾಪಾರಿಗಳು ವಿದೇಶಿ ಬಟ್ಟೆಯ ವ್ಯವಹಾರವನ್ನು ನಿಲ್ಲಿಸಿ ನಷ್ಟ ಅನುಭವಿಸಿದರು. 1942ರ ಆಗಸ್ಟ್ ನಂತರ ಅಹಮದಾಬಾದಿನ ಬಟ್ಟೆ ಗಿರಣಿಗಳು ಮೂರು ತಿಂಗಳಿಗೂ ಹೆಚ್ಚು ಕಾಲ ಸ್ತಬ್ಧವಾಗಿದ್ದವು.

ಇತ್ತೀಚಿನ ಉದಾಹರಣೆ ನಮ್ಮ ರಾಜ್ಯದ್ದೇ. ಯುಕ್ರೇನ್ ಯುದ್ಧದ ವಿಷಯದಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯು 2022ರ ಮಾರ್ಚ್ 2ರಂದು ಮತದಾನ ನಡೆಸಿದಾಗ ಭಾರತ ತಟಸ್ಥವಾಗಿ ಉಳಿಯಿತು. ಆದರೆ ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆಯು ತನ್ನ ಕೆಲಸಗಳನ್ನು ರಷ್ಯದಿಂದ ಬೇರೆಡೆಗೆ ಸಾಗಿಸುತ್ತಿರುವುದಾಗಿ ಅದೇ ಏಪ್ರಿಲಿನಲ್ಲಿ ಪ್ರಕಟಿಸಿತು; ಯುಕ್ರೇನಿನ ಸಂತ್ರಸ್ತರ ಪರಿಹಾರಕ್ಕೆ 10 ಲಕ್ಷ ಡಾಲರ್ ನೀಡುವುದಾಗಿಯೂ ತಿಳಿಸಿತ್ತು. ಟಾಟಾ ಸ್ಟೀಲ್ ಕೂಡ ರಷ್ಯದೊಡನೆ ವ್ಯವಹಾರ ನಿಲ್ಲಿಸುವುದಾಗಿ ಅದೇ ತಿಂಗಳು ಹೇಳಿತು. ಸರ್ಕಾರದ ವಿದೇಶಾಂಗ ನೀತಿ ಒಂದು. ಖಾಸಗಿ ಸಂಸ್ಥೆ ತನ್ನ ಗಿರಾಕಿಗಳನ್ನು, ಬಂಡವಾಳದಾರರನ್ನು, ತನ್ನ ಮನಸ್ಸಾಕ್ಷಿಯನ್ನು ನೋಡಿ ಕೈಗೊಳ್ಳುವ ನಿರ್ಧಾರ ಇನ್ನೊಂದು. ಎರಡೂ ಒಂದೇ ಆಗಿರಬೇಕೆಂದಿಲ್ಲ.

ಅಮೆರಿಕದ ಮೆಕ್‌ಡೊನಾಲ್ಡ್ಸ್ ಸಂಸ್ಥೆ 2022ರ ಮಾರ್ಚಿನಲ್ಲಿ ರಷ್ಯದಲ್ಲಿದ್ದ ಸುಮಾರು 850 ಉಪಾಹಾರ ಗೃಹಗಳನ್ನು ಮುಚ್ಚಿತು. ಮುಚ್ಚಿದಾಗಲೂ ಅಲ್ಲಿಯ 62,000 ನೌಕರರಿಗೆ ಸಂಬಳ ಮುಂದುವರಿಸುವುದಾಗಿ ಹೇಳಿತು. ಮೇ ತಿಂಗಳಲ್ಲಿ ಆ ವ್ಯವಹಾರವನ್ನೇ ಮಾರಿ ಹೊರಬರುವುದಾಗಿ ಪ್ರಕಟಿಸಿತು. ಅದರ ನಿರ್ಧಾರವನ್ನು ಒಪ್ಪಲಿ ಬಿಡಲಿ, ಬಾಗಿಲು ಹಾಕಿದ ದಿನ ನೌಕರನ ಸಂಬಳದ ಮಾತನ್ನೂ ಆಡಿದ್ದು ಗಮನಿಸತಕ್ಕದ್ದು.

2025ರ ಮೇ ತಿಂಗಳಲ್ಲಿ ಟರ್ಕಿಯು ಪಾಕಿಸ್ತಾನದ ಪರ ನಿಂತಿತೆಂಬ ಕಾರಣಕ್ಕೆ ಪುಣೆಯ ಹಣ್ಣಿನ ವ್ಯಾಪಾರಿಗಳು ಟರ್ಕಿಯ ಸೇಬನ್ನೂ, ಉದಯಪುರದ ಅಮೃತಶಿಲೆ ಉದ್ಯಮಿಗಳು ಅಲ್ಲಿಯ ಕಲ್ಲನ್ನೂ ಬಹಿಷ್ಕರಿಸಿದರು. ಇದು ಸರ್ಕಾರದ ಆದೇಶವಾಗಿರಲಿಲ್ಲ; ವ್ಯಾಪಾರಸ್ಥರ ಸ್ವಂತ ನಿರ್ಧಾರವಾಗಿತ್ತು. ಹೀಗೆ ಸ್ವಂತ ಲಾಭವನ್ನು ಬಿಟ್ಟುಕೊಟ್ಟು ತೆಗೆದುಕೊಂಡ ನಿರ್ಧಾರಕ್ಕೆ ಗೌರವ ಸಲ್ಲಬೇಕು.

ಖರ್ಚಿಲ್ಲದ ನಿಲುವು

ಇದಕ್ಕೆ ವಿರುದ್ಧವಾದ ಉದಾಹರಣೆಗಳೂ ಇವೆ. ಅದೇ ಮೇ ತಿಂಗಳಲ್ಲಿ ಜೈಪುರದ ಕೆಲವು ಮಿಠಾಯಿ ಅಂಗಡಿಗಳು “ಮೈಸೂರು ಪಾಕ್” ಎಂಬ ಹೆಸರನ್ನು “ಮೈಸೂರು ಶ್ರೀ” ಎಂದು ಬದಲಾಯಿಸಿದವು. ಪಾಕ ಎಂದರೆ ಸಕ್ಕರೆಯ ಪಾಕ ಎಂಬುದು ಕನ್ನಡಿಗರಿಗೆ ಹೇಳಬೇಕಾದ ಮಾತಲ್ಲ. ಬೆಲ್ಲ, ಸಕ್ಕರೆಗಳ ನಾಡಾದ ಈ ಭಾಗದಲ್ಲಂತೂ ಇಲ್ಲವೇ ಇಲ್ಲ. ಇಂಥ ಬದಲಾವಣೆಯಿಂದ ಅಂಗಡಿಕಾರನಿಗೆ ಒಂದು ರೂಪಾಯಿ ಖರ್ಚಿಲ್ಲ, ಸೈನಿಕನಿಗೆ ಒಂದು ರೂಪಾಯಿ ಲಾಭವಿಲ್ಲ.

ನಗೆ ಬರಿಸುವ ಈ ಪ್ರಸಂಗಕ್ಕೆ ಕಹಿಯಾದ ಮುಖವೂ ಇದೆ. 2019ರ ಫೆಬ್ರುವರಿಯಲ್ಲಿ ಪುಲ್ವಾಮಾ ದಾಳಿಯ ನಂತರ ಬೆಂಗಳೂರಿನ ಇಂದಿರಾನಗರದ ಕರಾಚಿ ಬೇಕರಿ ತನ್ನ ಫಲಕದಲ್ಲಿದ್ದ “ಕರಾಚಿ” ಎಂಬ ಪದವನ್ನು ಮುಚ್ಚಬೇಕಾಯಿತು. ಆ ಸಂಸ್ಥೆಯನ್ನು ಹೈದರಾಬಾದಿನಲ್ಲಿ ಕಟ್ಟಿದ್ದು ದೇಶವಿಭಜನೆಯ ಕಾಲದಲ್ಲಿ ಸಿಂಧ್‌ನಿಂದ ಭಾರತಕ್ಕೆ ಬಂದ ಕುಟುಂಬ. ಮನೆಮಠ ಕಳೆದುಕೊಂಡು ಬಂದವರು ಬಿಟ್ಟುಬಂದ ಊರಿನ ಹೆಸರಿಟ್ಟುಕೊಂಡದ್ದೇ ಅಪರಾಧವಾಯಿತು. ಜನರ ಸಿಟ್ಟನ್ನು ನಿಲುವೆಂದು ತಿಳಿದರೆ ಅದು ಪಕ್ಕದ ಅಂಗಡಿಯವನ ಬಾಗಿಲಿಗೆ ಬರುತ್ತದೆ. ಎಂದಾದರೊಂದು ದಿನ ತನ್ನ ಬಾಗಿಲಿಗೂ ಬರಬಹುದು. ಎರಡು ಭಾಷೆ, ಹಲವು ಜಾತಿ-ಮತಗಳ ಗಿರಾಕಿಗಳನ್ನು ನಂಬಿದ ಗಡಿಭಾಗದ ಪೇಟೆಗೆ ಇದು ಎಚ್ಚರಿಕೆಯ ಮಾತು.

ಒಂದು ಅಳತೆಗೋಲು

ಮೇಲಿನ ಉದಾಹರಣೆಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ಒಂದು ಅಳತೆಗೋಲು ದೊರೆಯುತ್ತದೆ. ನಿಲುವಿನ ಖರ್ಚು ಯಾರ ಖಾತೆಗೆ ಬರೆಯಲ್ಪಡುತ್ತದೆ? ಘೋಷಿಸಿದವನ ಖಾತೆಗೇ ಬಿದ್ದರೆ ಅದು ನಿಲುವು. ಕೂಲಿಕಾರನ, ಸಾಲ ಕೊಟ್ಟವನ ಅಥವಾ ನೆರೆಯವನ ಖಾತೆಗೆ ಬಿದ್ದರೆ ಅದು ನಿಲುವಲ್ಲ, ಬರಿಯ ಪ್ರಚಾರ.

ಒಂದು ಕಲ್ಪಿತ ಲೆಕ್ಕದಿಂದ ಇದನ್ನು ಸ್ಪಷ್ಟಪಡಿಸಿಕೊಳ್ಳಬಹುದು. ಚರ್ಮದ ಚಪ್ಪಲಿ ತಯಾರಕನೊಬ್ಬನಿಗೆ ಹೊರದೇಶದಿಂದ 10 ಲಕ್ಷ ರೂಪಾಯಿಯ ಬೇಡಿಕೆ ಬಂದಿದೆ ಎನ್ನೋಣ. ಜಾಲಿ ತೊಗಟೆ, ಅಳಲೆಕಾಯಿಗಳಿಂದ ಹದ ಮಾಡಿದ ತೊಗಲನ್ನು ಆತ 4 ಲಕ್ಷಕ್ಕೆ ಉದ್ರಿ ತಂದಿದ್ದಾನೆ. ಕುಶಲಕರ್ಮಿಗಳ ಕೂಲಿ 3 ಲಕ್ಷ, ಇತರ ಖರ್ಚು 1 ಲಕ್ಷ, ಉಳಿಯುವ ಲಾಭ 2 ಲಕ್ಷ. ಮಾಲು ಸಿದ್ಧವಾಗುವ ಹೊತ್ತಿಗೆ ಆ ದೇಶದ ವಿರುದ್ಧ ಜನಾಕ್ರೋಶ ಎದ್ದಿದೆ. ಆದರೆ ಸರ್ಕಾರ ವ್ಯಾಪಾರವನ್ನು ನಿಷೇಧಿಸಿಲ್ಲ. ಆತನ ಮುಂದೆ ಮೂರು ದಾರಿಗಳಿವೆ.

ಮೊದಲ ದಾರಿ: ಬೇಡಿಕೆಯನ್ನು ರದ್ದುಪಡಿಸಿ, ಪತ್ರಿಕೆಗೆ ಹೇಳಿಕೆ ಕೊಟ್ಟು, ಮಾಲು ಹೋಗಲಿಲ್ಲವೆಂದು ಕೂಲಿಯನ್ನೂ ತೊಗಲಿನ ಹಣವನ್ನೂ ತಡೆಹಿಡಿಯುವುದು. ಇಲ್ಲಿ 10 ಲಕ್ಷದಲ್ಲಿ 7 ಲಕ್ಷದ ಹೊರೆ ಬೀಳುವುದು ಬೇರೆಯವರ ಮೇಲೆ. ಹೆಸರು ಬರುವುದು ತಯಾರಕನಿಗೆ.

ಎರಡನೆಯ ದಾರಿ: ಬೇಡಿಕೆಯನ್ನು ಬಿಟ್ಟು, ಕೂಲಿ ಮತ್ತು ಉದ್ರಿಯನ್ನು ಪೂರ್ತಿ ಚುಕ್ತಾ ಮಾಡಿ, ಮಾಲನ್ನು ಬೇರೆ ಪೇಟೆಯಲ್ಲಿ ಸಿಕ್ಕಷ್ಟಕ್ಕೆ ಮಾರುವುದು. ಇದು ಪ್ರಾಮಾಣಿಕ ನಿಲುವು. ಆದರೆ ಶಕ್ತಿ ಇದ್ದವನಿಗೆ ಮಾತ್ರ ಸಾಧ್ಯ. ಒಪ್ಪಂದ ಮುರಿದುದಕ್ಕೆ ಪರಿಹಾರ ಕೊಡಬೇಕಾಗಿ ಬಂದರೆ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮೂರನೆಯ ದಾರಿ: ಕೊಟ್ಟ ಮಾತಿನಂತೆ ಈ ಮಾಲನ್ನು ಕಳಿಸಿ, ಹೊಸ ಬೇಡಿಕೆ ಸ್ವೀಕರಿಸದಿರುವುದು, ಬಂದ 2 ಲಕ್ಷ ಲಾಭದಲ್ಲಿ ಒಂದು ಭಾಗವನ್ನು ಯೋಧರ ಕುಟುಂಬಗಳ ನೆರವಿಗೆ ಕೊಡುವುದು. ಇದರಲ್ಲಿ ಸದ್ದಿಲ್ಲ, ಆದರೆ ಕೂಲಿಕಾರ, ಸಾಲಗಾರ, ಸೈನಿಕ ಮೂವರಿಗೂ ಅನ್ಯಾಯವಿಲ್ಲ. ಬಂಡವಾಳ ಕಡಿಮೆ ಇರುವ ತಯಾರಕರಿಗೆ ಬಹುಮಟ್ಟಿಗೆ ಈ ದಾರಿಯೇ ಯೋಗ್ಯ.

ಮೌನವೂ ಒಂದು ನಿಲುವೇ ಎಂಬ ಆಕ್ಷೇಪ ಕೇಳಿಬರುತ್ತದೆ. ತನ್ನ ಸರಕೇ ಯುದ್ಧಕ್ಕೆ ಬಳಕೆಯಾಗುತ್ತಿದ್ದರೆ ಅಥವಾ ತನ್ನ ಲಾಭ ಯುದ್ಧದಿಂದಲೇ ಬರುತ್ತಿದ್ದರೆ ಆ ಆಕ್ಷೇಪ ಸರಿ. ಅಂಥವನು ಉತ್ತರ ಕೊಡಲೇಬೇಕು. ಆದರೆ ಬೀಡಿ, ಬೆಲ್ಲ, ಬಟ್ಟೆ ಮಾರುವವನು ದೂರದ ಯುದ್ಧದ ಸರಿತಪ್ಪುಗಳ ಬಗ್ಗೆ ಅಂಗಡಿಯ ಹೆಸರಿನಲ್ಲಿ ತೀರ್ಪು ಕೊಡದಿದ್ದರೆ ಅದನ್ನು ಹೇಡಿತನ ಎನ್ನಲಾಗದು. ನಾಗರಿಕನಾಗಿ ಮಾತನಾಡುವ ಹಕ್ಕು ಅವನಿಗೆ ಹೇಗೂ ಇದ್ದೇ ಇದೆ.

ದೇಣಿಗೆ ಮತ್ತು ನಿಯಮ

ದೇಣಿಗೆ ಕೊಡುವವರು ಅಧಿಕಾರದ ಪ್ರಶ್ನೆಯನ್ನು ಮೊದಲು ನೋಡಬೇಕು. 2013ರ ಕಂಪನಿ ಕಾಯ್ದೆಯ 181ನೆಯ ಕಲಮಿನಂತೆ, ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 5ನ್ನು ಮೀರಿದ ಧರ್ಮಾರ್ಥ ದೇಣಿಗೆಗೆ ಸರ್ವಸಾಧಾರಣ ಸಭೆಯ ಪೂರ್ವಾನುಮತಿ ಬೇಕು. ಆದರೆ 183ನೆಯ ಕಲಮಿನಂತೆ ರಾಷ್ಟ್ರೀಯ ರಕ್ಷಣಾ ನಿಧಿಗೆ ತನಗೆ ಯೋಗ್ಯವೆನಿಸಿದಷ್ಟು ಕೊಡುವ ಅಧಿಕಾರ ನಿರ್ದೇಶಕ ಮಂಡಳಿಗೆ ಇದೆ; ಆ ಮೊತ್ತವನ್ನು ಲಾಭ-ನಷ್ಟ ಪತ್ರಿಕೆಯಲ್ಲಿ ತೋರಿಸಬೇಕು. ಸಾಮಾಜಿಕ ಹೊಣೆಗಾರಿಕೆಯ ವೆಚ್ಚ ಕಡ್ಡಾಯವಾಗಿರುವ ದೊಡ್ಡ ಕಂಪನಿಗಳಿಗೆ, ಕಾಯ್ದೆಯ 7ನೆಯ ಅನುಸೂಚಿಯಂತೆ, ಮಾಜಿ ಸೈನಿಕರು ಮತ್ತು ಯುದ್ಧದಲ್ಲಿ ಮಡಿದವರ ಪತ್ನಿಯರ ನೆರವು ಅಂಗೀಕೃತ ಬಾಬು.

ಪಾಲುದಾರಿಕೆ ಸಂಸ್ಥೆಯಲ್ಲಿ ಎಲ್ಲ ಪಾಲುದಾರರ ಒಪ್ಪಿಗೆ ಪಡೆಯುವುದು ಕ್ಷೇಮ. ಸಹಕಾರಿ ಕಾರ್ಖಾನೆಯಲ್ಲಿ ಹಣ ಸದಸ್ಯ ರೈತರದು. ಅಧ್ಯಕ್ಷರ ಒಂದು ಭಾಷಣದಿಂದ ಅದು ಘೋಷಣೆಯಾಗಬಾರದು. ವ್ಯಾಪಾರ ಸಂಘಗಳೂ ಸದಸ್ಯರ ಸಭೆ ಕರೆಯದೆ ಎಲ್ಲರ ಪರವಾಗಿ ಬಹಿಷ್ಕಾರ ಘೋಷಿಸಬಾರದು. ಒಬ್ಬನ ಗೋದಾಮಿನಲ್ಲಿ ಆ ಮಾಲು ಇಲ್ಲದಿರಬಹುದು. ಇನ್ನೊಬ್ಬನ ಜೀವನವೇ ಅದರಲ್ಲಿ ಸಿಕ್ಕಿರಬಹುದು.

ಪರಾಮರ್ಶೆಗೆ ಐದು ಪ್ರಶ್ನೆಗಳು

1. ಈ ವಿಷಯದಲ್ಲಿ ಸರ್ಕಾರದ ಆದೇಶವಿದೆಯೆ? ಇದ್ದರೆ ತನ್ನ ಗೋದಾಮಿನ ಮಾಲು ಅದಕ್ಕೆ ಅನುಗುಣವಾಗಿದೆಯೆ?
2. ಯುದ್ಧದ ಸುದ್ದಿ ಬಂದ ನಂತರ ತನ್ನ ಅಂಗಡಿಯ ಬೆಲೆ ಮತ್ತು ದಾಸ್ತಾನು ಎಲ್ಲರ ಮುಂದೆ ತೋರಿಸುವಂತಿವೆಯೆ?
3. ಈ ಘೋಷಣೆಯ ನಷ್ಟವನ್ನು ಯಾರು ಭರಿಸುತ್ತಾರೆ? ಅವರನ್ನು ಕೇಳಲಾಗಿದೆಯೆ?
4. ಇದರಿಂದ ಯಾವುದೇ ಗಿರಾಕಿಯ ಅಥವಾ ನೆರೆಯ ವ್ಯಾಪಾರಿಯ ಮೇಲೆ ಜನ ಹರಿಹಾಯುವ ಸಂಭವವಿದೆಯೆ?
5. ಪತ್ರಿಕೆಯಲ್ಲಿ ಹೆಸರು ಬಾರದಿದ್ದರೂ ಇದನ್ನೇ ಮಾಡಲು ಮನಸ್ಸಿದೆಯೆ?

ಐದಕ್ಕೂ ನೇರವಾದ ಉತ್ತರ ಸಿಕ್ಕರೆ ಬಹಿರಂಗವಾಗಿ ಮಾತನಾಡಲು ಅಡ್ಡಿಯಿಲ್ಲ. ಸಿಗದಿದ್ದರೆ ಮಾತನ್ನು ತಡೆದು ನಡತೆಯನ್ನು ಸರಿಪಡಿಸಿಕೊಳ್ಳುವುದು ಲೇಸು. ಯುದ್ಧ ಒಂದು ದಿನ ಮುಗಿಯುತ್ತದೆ. ಆಗ ಜನ ನೆನಪಿಡುವುದು ಫಲಕದಲ್ಲಿ ಬರೆದಿದ್ದನ್ನಲ್ಲ. ಆ ದಿನಗಳಲ್ಲಿ ಎಣ್ಣೆ ಯಾವ ದರಕ್ಕೆ ಸಿಕ್ಕಿತು, ಕೂಲಿ ಸಮಯಕ್ಕೆ ಬಂದಿತೆ, ಮಗನನ್ನು ಗಡಿಗೆ ಕಳಿಸಿದ ಮನೆಗೆ ಉದ್ರಿ ಕೊಟ್ಟವರು ಯಾರು ಎಂಬುದನ್ನು. ವ್ಯಾಪಾರಸ್ಥನ ನಿಲುವನ್ನು ಕೊನೆಗೆ ಓದುವುದು ಆತನ ಖಾತೆಯ ಪುಸ್ತಕದಲ್ಲಿ.